ಅಜ್ಜಿ ಮನೆಯ ಬಾಗಿಲು

ನರಗುಂದ

ಅಸೂಟಿಯ ಬಾಳವ್ವನವರಿಗೆ ನಿರ್ಮಲಾ ಮಾಡುವ ಶರಣು.

ನಿಮ್ಮ ಅಳಿಯ ನನ್ನನ್ನು ಮದುವೆಯಾದ ಮೇಲೆ ನೀವು ಈ ಕಡೆ ಬಂದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಚಿನ್ನು ಚಲೋ ಇದ್ದಾಳೆ. ತೀರಿಹೋದ ತಾಯಿ ಶೈಲಕ್ಕನ ಸೀರೆಯನ್ನು ಅಪ್ಪಿಕೊಂಡೇ ಮಲಗುತ್ತಿದ್ದಳು. ಅದೀಗ ಪೂರಾ ಹರಿದುಹೋಯಿತು. ಆ ಚೂರುಗಳಿಂದಲೇ ಮನೆಗಳ ಚಿತ್ರವಿರುವ ಕೌದಿ ಹೊಲಿಯುತ್ತಿದ್ದೇನೆ. ಕೆಂಪು ಚೂರು ಗೋಡೆ, ದಡಿಯ ಚೂರು ಮಾಳಿಗೆ.

ನಡುವಿನದು ನಿಮ್ಮ ಮನೆ. ಅದಕ್ಕೆ ಹಸಿರು ಬಾಗಿಲು ಹಚ್ಚಿದ್ದೆ. "ಅಜ್ಜಿ ಮನಿ ಬಾಗಲಾ ಹಿಂಗಿಲ್ಲ, ಬಿಚ್ಚು" ಅಂದಳು. ಬಿಚ್ಚಿದೆ. ಮತ್ಯಾವ ಬಣ್ಣವೆಂದು ಕೇಳಿದರೆ ನೆನಪಾಗದೆ ಅತ್ತಳು.

ಆ ಬಣ್ಣದ ಒಂದು ಚೂರು ಬಟ್ಟೆ ಬೇಕಾಗಿತ್ತು. ನೀವೇ ತಂದು ಹಚ್ಚಿದರೆ ಇನ್ನೂ ಚಲೋ. ಮಕ್ಕಳ ಕೌದಿ ತಾಯಿಯ ತವರಿನಿಂದ ಬರಬೇಕಲ್ಲವೇ? ಹೊಲಿದು ಮುಗಿಸಿ ನಿಮ್ಮ ಕೈಗೆ ಕೊಡುತ್ತೇನೆ, ನೀವೇ ಅವಳಿಗೆ ಹೊದಿಸಿರಿ.

ಒಳಪದರಿಗೆ ಮಾತ್ರ ಶೈಲಕ್ಕನ ಸೀರೆ ಸಾಲಲಿಲ್ಲ. ನನ್ನದೊಂದು ಹಾಕಿದ್ದೇನೆ. ಬ್ಯಾಸರ ಮಾಡ್ಕೋಬ್ಯಾಡ್ರಿ, ಹೊರಗೆ ಕಾಣುವುದಿಲ್ಲ.

ಚಿನ್ನುವಿನ ಮನೆಯಿಂದ,
ನಿರ್ಮಲಾ