ಹಿನ್ನೀರಿನ ಪೇರಲ ಹಣ್ಣು

ಬೀಳಗಿ
೨೧ ಆಗಸ್ಟ್, ಗುರುವಾರ

ಅವ್ವಾ,

ನಿನಗೆ ನನ್ನ ನಮಸ್ಕಾರ. ನಾನು ಆರಾಮ ಇದ್ದೇನೆ. ಮೂರು ದಿನದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಬರೆದು, ನಾಳೆ ಮುಂಜಾನೆ ಬನಹಟ್ಟಿಗೆ ಬರುವ ಗೆಳತಿ ಶ್ರೀದೇವಿಯ ಕೈಯಲ್ಲಿ ಕೊಡುತ್ತಿದ್ದೇನೆ.

ಹೋದ ವಾರ ನಾವು ಕಾಲೇಜಿನವರು ನಮ್ಮ ಓಣಿಗೆ ಪೇರಲ ಹಣ್ಣು ತಂದಿದ್ದೆವಲ್ಲ, ಅವು ಹಿನ್ನೀರಿನ ನಡುವಿನ ದಿಬ್ಬದವು. ಅಲ್ಲಿನ ಊರು ಆಣೆಕಟ್ಟಿನ ನೀರಲ್ಲಿ ಮುಳುಗಿದರೂ ಬಸಗೊಂಡಪ್ಪಜ್ಜನ ತೋಟ ಎತ್ತರದಲ್ಲಿದ್ದು ಉಳಿದಿದೆ. ಕೀಳುವವರಿಲ್ಲದೆ ಹಣ್ಣು ಉದುರಿ ಕೊಳೆಯುತ್ತಿದ್ದವು. "ಹಸದಾರ ಬಾಯಿಗೆ ಬೀಳಲಿ, ಒಯ್ರಿ" ಎಂದು ಅಜ್ಜನೇ ಹೇಳಿದರು. ಮಗ್ಗ ನಿಂತು ಎರಡು ತಿಂಗಳಾದ ಓಣಿಯಲ್ಲಿ ಮಕ್ಕಳು ಬುಟ್ಟಿಗೆ ಹೇಗೆ ಮುಗಿಬಿದ್ದವು, ನೀನೇ ನೋಡಿದೆ. ಕೆಂಪವ್ವತ್ತೆ ಎರಡು ಹಣ್ಣು ಸೆರಗಿಗೆ ಕಟ್ಟಿಕೊಂಡು ತಲೆ ತಗ್ಗಿಸಿ ಹೋದದ್ದು ನನಗೆ ಮರೆಯಲಾಗಲಿಲ್ಲ. ಸೋಮವಾರ ಇನ್ನೂ ಮೂವತ್ತು ಬುಟ್ಟಿ ತರುತ್ತೇನೆಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟೆ.

ಸೋಮವಾರ ಪರಮೇಶಣ್ಣ ತನ್ನ ದೋಣಿಯಲ್ಲಿ ನಮ್ಮ ಎಂಟು ಮಂದಿಯನ್ನು ದಿಬ್ಬಕ್ಕೆ ಬಿಟ್ಟು, ದಂಡೆಯಲ್ಲೇ ಕುಳಿತ. ಮಳೆ ಇರಲಿಲ್ಲ. ಆದರೆ ನೀರು ಕೆಂಪಾಗಿತ್ತು. ಪ್ರತಿಸಲ ಹಣ್ಣಿಗೆ ಮುತ್ತುವ ಗಿಳಿ ಒಂದೂ ಕಾಣಲಿಲ್ಲ. "ನೀರು ಯಾಕೋ ಸಪ್ಪಳ ಮಾಡಾಕತ್ತೇತಿ" ಎಂದು ನನ್ನ ಕ್ಲಾಸಿನ ಶೀತಲ ಎರಡು ಸಲ ಅಂದಳು. ನಾನು ನಕ್ಕೆ. ಹೊಳೆಯ ಮೇಲ್ಗಡೆ ಹಿಪ್ಪರಗಿ ಬ್ಯಾರೇಜಿನ ಗೇಟು ತೆಗೆದಿದ್ದಾರೆ ಎಂಬುದು ಆಮೇಲೆ ಗೊತ್ತಾಯಿತು.

ಹನ್ನೆರಡಕ್ಕೆ ಬುಟ್ಟಿ ಹೊತ್ತು ಇಳಿದೆವು. ತೋಟಕ್ಕೂ ದೋಣಿಗೂ ನಡುವಿನ ತಗ್ಗು, ಮುಂಜಾನೆ ಒಣಗಿದ್ದದ್ದು, ಎದೆಮಟ್ಟ ನೀರಾಗಿತ್ತು. ಬುಟ್ಟಿ ಅಲ್ಲೇ ಇಳಿಸಿ, ಒಬ್ಬರ ಕೈ ಒಬ್ಬರು ಹಿಡಿದು ನೀರಿಗಿಳಿದೆವು. ಶೀತಲ ಕೊನೆಯವಳು, ನನ್ನ ಹಿಂದೆ, ಅವಳ ಬುಟ್ಟಿ ಮಾತ್ರ ತಲೆಯ ಮೇಲೇ ಇತ್ತು. ಬುಟ್ಟಿ ಬಿಡು ಎಂದು ಪರಮೇಶಣ್ಣ ಕೂಗಿದ. ಅವಳು ಬಿಡಲಿಲ್ಲ. ಅವಳ ಕೈ ನನ್ನ ಕೈಯಿಂದ ಜಾರಿತು. ತಿರುಗಿ ನೋಡಿದಾಗ ನೀರ ಮೇಲೆ ಹಣ್ಣಷ್ಟೇ ತೇಲುತ್ತಿದ್ದವು.

ಇನ್ನೂ ಸಿಕ್ಕಿಲ್ಲ. ಅವಳ ಅವ್ವ ಸಾತವ್ವ ದಂಡೆ ಬಿಟ್ಟು ಏಳುವುದಿಲ್ಲ. ನಿನ್ನೆ ನನ್ನ ಗಲ್ಲ ಹಿಡಿದು, "ನೀನಾರ ಉಳದೆಲ್ಲವ್ವ" ಎಂದಳು.

ದೋಣಿಯವನು ಒಂದು ಮಾತು ಹೇಳಿದ್ದರೆ ಬೇಗ ಬರುತ್ತಿದ್ದೆವು ಎಂದು ಜೊತೆಗಿದ್ದ ಹುಡುಗರು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ. ಪರಮೇಶಣ್ಣನನ್ನು ಮೊನ್ನೆಯಿಂದ ಠಾಣೆಯಲ್ಲಿ ಕೂರಿಸಿದ್ದಾರೆ. "ನಾ ಹೇಳಿದ್ನಿರಿ" ಅನ್ನುತ್ತಾನಂತೆ. ಯಾರೂ ನಂಬುತ್ತಿಲ್ಲ.

ನೀನು ಕಾಳಜಿ ಮಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಅನುರಾಧಾ

ತಾ.ಕ.: ಅವ್ವಾ, ಮಡಿಸಿಟ್ಟ ಪತ್ರ ಮತ್ತೆ ಬಿಚ್ಚಿದೆ. ಪರಮೇಶಣ್ಣ ಹೇಳಿದ್ದ. ಹನ್ನೊಂದಕ್ಕೇ ತೋಟದೊಳಗೆ ಬಂದು, "ತಂಗಿ, ಸಾಕ ಮಾಡ್ರಿ. ಮ್ಯಾಲ ಗೇಟ ತಗದಾರಂತ. ಎಲ್ಲಾರ್ನೂ ಕರಿ" ಎಂದ. ಆ ಗಿಡಗಳ ಸಾಲಿನಲ್ಲಿ ನಾನೊಬ್ಬಳೇ ಇದ್ದೆ. ಇನ್ನೂ ಆರು ಬುಟ್ಟಿ ತುಂಬಬೇಕಿತ್ತು. ಹೂಂ ಅಂದೆ. ಯಾರಿಗೂ ಹೇಳಲಿಲ್ಲ. ಠಾಣೆಗೆ ಹೋಗಿ ಹೇಳುತ್ತೇನೆ. ಅದಕ್ಕೂ ಮೊದಲು ಸಾತವ್ವನಿಗೆ ಹೇಳಬೇಕು. ಇದನ್ನು ಓದಿದ ಕೂಡಲೇ ಬಸ್ಸು ಹತ್ತಿ ಬಾ. ಅವಳೆದುರು ಒಬ್ಬಳೇ ಹೋಗಿ ನಿಲ್ಲಲಾರೆ.