ಗಟ್ಟಿ ದಾರಿಗೂ ಮೆತ್ತನೆ ಹಿಮಕ್ಕೂ

ರಾಸ್ಯಾವ್ರಿ
ಏಪ್ರಿಲ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಮಾರೆತಕ್ಕನಿಗೆ,

ಹೋದ ವರ್ಷ ಮಾರ್ಚಿನಲ್ಲಿ ನಮ್ಮ ಹಳೆಯ ಸ್ನೋಮೊಬೈಲಿನ ಎಂಜಿನ್ ಸುಟ್ಟುಹೋದದ್ದು ಓಸ್ಸಿ ಭಾವನ ಕೈಯಿಂದಲ್ಲ. ಸುಟ್ಟವಳು ನಾನು. ಹದಿಮೂರು ತಿಂಗಳು ಇದನ್ನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅಪ್ಪನಿಗೆ ಹೇಳಿದೆ, ಇವತ್ತು ನಿನಗೆ ಬರೆಯುತ್ತಿದ್ದೇನೆ. ಭಾವನಿಗೆ ನೀನೇ ಓದಿ ಹೇಳು, ಇಲ್ಲವೇ ಕಾಗದವನ್ನೇ ಅವರ ಕೈಗೆ ಕೊಡು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ನಡುನಡುವೆ ಏನಾದರೂ ಕೇಳುತ್ತೀ, ನಾನು ಸುಲಭದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟು ನುಣುಚಿಕೊಳ್ಳುತ್ತೇನೆ. ಕಾಗದದಲ್ಲಿ ಅದಕ್ಕೆ ಜಾಗವಿಲ್ಲ. ಅರ್ಧಕ್ಕೆ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪು ಕಂಡರೆ ಕೆಂಪು ಪೆನ್ನು ತೆಗೆಯಬೇಡ.

ನಿನಗೆ ಗಾಡಿಯ ಮೇಲೆ ಕೂರುವುದು ಗೊತ್ತು, ಅದರ ಹೊಟ್ಟೆಯೊಳಗಿನದು ಗೊತ್ತಿಲ್ಲ. ಆದ್ದರಿಂದ ಇಷ್ಟು ಹೇಳಬೇಕು. ಎಂಜಿನ್ನಿನ ಬಿಸಿ ನೀರು ತಣ್ಣಗಾಗುವುದು ಕೆಳಗಿನ ರಬ್ಬರ್ ಪಟ್ಟಿ ಮೇಲಕ್ಕೆರಚುವ ಹಿಮದಿಂದ. ಮೆತ್ತನೆ ಹಿಮದಲ್ಲಿ ಅದು ತಾನಾಗಿಯೇ ಆಗುತ್ತದೆ. ಗಟ್ಟಿ ದಾರಿಯಲ್ಲಿ, ಮಂಜುಗಡ್ಡೆಯ ಮೇಲೆ, ಎರಚಲು ಏನೂ ಇರುವುದಿಲ್ಲ. ಅದಕ್ಕೇ ಎರಡೂ ಪಕ್ಕ ಒಂದೊಂದು ಸ್ಪ್ರಿಂಗ್ ತಂತಿ ಇರುತ್ತದೆ. ಕೆಳಗಿಳಿಸಿದರೆ ಅದು ನೆಲ ಕೆರೆದು ಹಿಮದ ಪುಡಿ ಎಬ್ಬಿಸುತ್ತದೆ. ಆದರೆ ಗಾಡಿ ಹಿಂದಕ್ಕೆ ತೆಗೆಯುವಾಗ ಅದನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿರಬೇಕು, ಇಲ್ಲದಿದ್ದರೆ ನೆಲಕ್ಕೆ ನಾಟಿಕೊಂಡು ಮುರಿಯುತ್ತದೆ.

ಭಾವ ಇದನ್ನು ನನಗೆ ಎರಡು ಸಲ ಹೇಳಿದ್ದರು. ಎರಡನೇ ಸಲ, "ರಾವ್ನಾ, ರಿವರ್ಸ್ ಹಾಕೋ ಮುಂಚೆ ಕೆರೆಯೋ ತಂತಿ ಎತ್ತು. ನೆನಪಿರಲ್ಲ ಅಂದ್ರೆ ಹಣೆ ಮೇಲೆ ಬರ್ಕೋ" ಅಂದರು.

"ಹಣೆ ಮೇಲೆ ಬರ್ಕೊಂಡ್ರೆ ಓದೋದು ನೀವು ಭಾವ, ನಾನಲ್ಲ" ಅಂದೆ. ಅವರು ನಕ್ಕರು.

ಅದಾಗಿ ನಾಲ್ಕು ದಿನಕ್ಕೆ ಸೌದೆಮನೆಯ ಮುಂದೆ ತಂತಿ ಎತ್ತದೆ ಹಿಂದಕ್ಕೆ ತೆಗೆದೆ. ಎರಡೂ ಮುರಿದವು. ತುಂಡುಗಳನ್ನು ಮರದ ಹೊಟ್ಟಿನೊಳಗೆ ಹೂತೆ, ಉಳಿದ ಬುಡಗಳನ್ನು ಸ್ಪ್ಯಾನರ್ ತಂದು ಬಿಚ್ಚಿಹಾಕಿದೆ. ಆಳ ಹಿಮದ ತಿಂಗಳುಗಳಲ್ಲಿ ಅಪ್ಪನೇ ಎಷ್ಟೋ ಸಲ ಅವನ್ನು ಬಿಚ್ಚಿಡುವುದುಂಟು, ಹಾಗಾಗಿ ಇಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಶಾಲೆ ಬಿಟ್ಟು ಮನೆಗೆ ಬಂದು ಆಗ ಮೂರು ವಾರ. ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದಿರುವುದನ್ನೇ ಎಲ್ಲರೂ ಎಷ್ಟು ಜೋರಾಗಿ ಮಾಡುತ್ತಿದ್ದರು ಅಂದರೆ ನನಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ಎರಡು ದಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ದಾರಿ ಗಾಜಿನಂತಾಗಿತ್ತು. ನಾನು ಗಾಡಿ ತೆಗೆದುಕೊಂಡು ಹೆಪ್ಪುಗಟ್ಟಿದ ಸರೋವರ ದಾಟಿ ಹೆದ್ದಾರಿಯ ಕಾಫಿ ಅಂಗಡಿಯ ಕಡೆಗೆ ಹೊರಟೆ. ಅಲ್ಲಿ ನನಗೆ ಯಾರನ್ನೂ ಕಾಣಬೇಕಿರಲಿಲ್ಲ, ಕಾಫಿಯೂ ಬೇಕಿರಲಿಲ್ಲ.

ಸರೋವರದ ನಡುವಿನಲ್ಲಿ, ಎಂಜಿನ್ ಕಾದಿದೆ ಅನ್ನುವ ಕೆಂಪು ದೀಪ ಹತ್ತಿತು. ದಾರಿಯ ಗುರುತಿನ ಕಂಬಗಳ ಎಡಕ್ಕೆ ಇಪ್ಪತ್ತು ಮಾರು ದೂರದಲ್ಲಿ ಗಾಳಿ ಗುಡ್ಡೆಹಾಕಿದ ಮೆತ್ತನೆ ಹಿಮ ಇತ್ತು. ಅಲ್ಲಿಗೆ ತಿರುಗಿಸಿ, ನಿಲ್ಲಿಸಿ, ಗಾಡಿಯ ಅಡಿಗೆ ಕೈಯಿಂದ ಹಿಮ ತುಂಬಿ ಹತ್ತು ನಿಮಿಷ ಕಾದಿದ್ದರೆ ಎಂಜಿನ್ ಉಳಿಯುತ್ತಿತ್ತು. ನನಗೆ ಅದು ಗೊತ್ತಿತ್ತು. ನಿಲ್ಲುವುದು ಬೇಡವಾಗಿತ್ತು, ಅಷ್ಟೆ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ. ದೀಪ ಹತ್ತಿದ ಮೇಲೆ ಒಂಬತ್ತು ಕಿಲೋಮೀಟರ್ ಓಡಿಸಿದೆ. ಆಚೆ ದಡದ ಬರ್ಚ್ ಪೊದೆಗಳ ಹತ್ತಿರ, ಮೆತ್ತನೆ ಹಿಮ ಶುರುವಾಗುವ ಕಡೆ, ಅದು ಒಮ್ಮೆ ಕಿರುಚಿ ಬಿಗಿದು ನಿಂತಿತು.

ನಡೆದು ಮನೆಗೆ ಬಂದು, "ಪೊದೆಗಳ ಹತ್ರ ಮೆತ್ತನೆ ಹಿಮದಲ್ಲಿ ಓಡಾಡ್ತಿದ್ದೆ, ನಿಂತುಬಿಡ್ತು" ಅಂದೆ. ಸಂಜೆ ಹೊಸ ಹಿಮ ಬಿದ್ದು ನನ್ನ ಜಾಡು ಮುಚ್ಚಿತು. ಮೆತ್ತನೆ ಹಿಮದಲ್ಲಿ ಎಂಜಿನ್ ಕಾದು ಕೆಡುವುದಿಲ್ಲ. ಕಾದಿದೆ ಅಂದರೆ ನೀರಿನ ಕೊಳವೆಯೊಳಗೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಒಂದು ವಾರದ ಹಿಂದೆ ಆ ನೀರು ಬದಲಾಯಿಸಿದವರು ಭಾವ.

ಅಪ್ಪ ಎಂಜಿನ್ ಬಿಚ್ಚಿದ ದಿನ ನೀನು ಅಡುಗೆಮನೆಯಲ್ಲಿದ್ದೆ. ಭಾವ ಬಗ್ಗಿ ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ, "ನೀರಿನ ಕೊಳವೆ ಒಳಗೆ ಗಾಳಿ ಉಳಿಸಿಬಿಟ್ನೋ ಏನೋ. ತೆಗೆದೆ ಅಂತ ಅನ್ಸತ್ತೆ, ಆದ್ರೆ ಆಣೆ ಮಾಡಿ ಹೇಳಕ್ಕಾಗಲ್ಲ" ಅಂದರು. ಅಪ್ಪ ಕೈ ಒರೆಸಿಕೊಂಡು ಆ ಬಟ್ಟೆಯನ್ನು ಮಡಿಸಿಟ್ಟ. ನಮ್ಮನೆಯಲ್ಲಿ ಅದರ ಅರ್ಥ ತೀರ್ಪಾಯಿತು ಅಂತ, ನಿನಗೆ ಹೇಳಬೇಕಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಆಮೇಲಿನದು ನಿನಗೆ ಗೊತ್ತು. ಮೇ ತಿಂಗಳಲ್ಲಿ ನೀವಿಬ್ಬರೂ ಕೆಮಿ ಪೇಟೆಗೆ ಹೋದಿರಿ. ಅಲ್ಲಿ ದೋಣಿ ರಿಪೇರಿಯ ಕೆಲಸ ಸಿಕ್ಕಿತು ಅಂತ ನೀವು ಹೇಳಿದಿರಿ, ಹೌದು ಅಂತ ನಾವು ತಲೆಯಾಡಿಸಿದೆವು. ಜುಲೈಯಲ್ಲಿ ಹಿಮಸಾರಂಗದ ಮರಿಗಳ ಕಿವಿಗೆ ಗುರುತು ಕೊಯ್ಯುವ ಹೊತ್ತಿಗೆ ಅಪ್ಪ ಭಾವನಿಗೆ ಹೇಳಿಕಳಿಸಲಿಲ್ಲ. ಹಿಂದಿನ ನಾಲ್ಕು ಬೇಸಿಗೆಯೂ ಕರೆದಿದ್ದ, ಪ್ರತಿ ವರ್ಷ ಒಂದು ಮರಿಗೆ ಭಾವನ ಗುರುತು ಬಿದ್ದು ಅದು ಅವರದಾಗುತ್ತಿತ್ತು. ಕರೆಯದೆ ಮಂದೆಯ ಬೇಲಿಯೊಳಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಬೆಂಕಿಯ ಹತ್ತಿರ ಯಾರೋ "ಅಳಿಯ ಎಲ್ಲಪ್ಪಾ?" ಅಂತ ಕೇಳಿದ್ದಕ್ಕೆ ಅಪ್ಪ "ಪೇಟೆಯಲ್ಲಿ" ಅಂದ. ಆ ವರ್ಷದ ಮರಿಗಳಲ್ಲಿ ಭಾವನದು ಒಂದೂ ಇಲ್ಲ. ಹಗ್ಗ ಬೀಸಿ ಮರಿ ಹಿಡಿಯುತ್ತಿದ್ದವಳು ನಾನೇ, ಆದ್ದರಿಂದ ಸರಿಯಾಗಿ ಗೊತ್ತು.

ಹೇಳಿದರೆ ಏನಾಗುತ್ತದೆ ಅಂತ ಹೆದರಿ ಸುಮ್ಮನಿದ್ದೆ ಅಂದುಕೊಳ್ಳಬೇಡ. ಮೊದಲ ವಾರ ಹೆದರಿಕೆ ಇತ್ತು. ಆಮೇಲೆ ಹೇಳದಿರುವುದು ಅಭ್ಯಾಸವಾಯಿತು. ನಾನು ಸುಳ್ಳು ಹೇಳುವವಳಲ್ಲ ಅಂತ ಊರೆಲ್ಲ ಹೇಳುತ್ತದೆ. ಟೀಚರಿಗೆ ಮುಖದ ಮೇಲೆ ಹೊಡೆದ ಹಾಗೆ ನಿಜ ಹೇಳಿಯೇ ಶಾಲೆಯಿಂದ ಎದ್ದುಬಂದೆ. ನನ್ನದೇನೂ ಹೋಗದ ಕಡೆ ನಿಜ ಹೇಳುವುದು ಸುಲಭ ಅಂತ ಈಗ ಗೊತ್ತಾಯಿತು.

ಮೊನ್ನೆ ಗುರುವಾರ ಅಪ್ಪ ಹೊಸ ಗಾಡಿ ಕೊಳ್ಳಲು ಹೊರಟ. ಈ ಚಳಿಗಾಲವೆಲ್ಲ ಚಿಕ್ಕಪ್ಪನ ಗಾಡಿ ಬೇಡಿ ತಂದು ಸಾಕಾಗಿತ್ತು. ನನ್ನನ್ನೂ ಕರೆದ. ಅಂಗಡಿಯ ಹಿಲ್ಕಾ ನಿನಗೆ ನೆನಪಿರಬೇಕು, ಅಪ್ಪನಿಗೆ ಮೂವತ್ತು ವರ್ಷದಿಂದ ಗಾಡಿ ಮಾರುತ್ತಿರುವ, ಯಾವಾಗಲೂ ಗಂಡಸರ ಮೇಲಂಗಿ ಹಾಕಿಕೊಂಡಿರುವ ಹೆಂಗಸು. ಒಳಗೆ ಕಾಲಿಟ್ಟ ತಕ್ಷಣ ಅಪ್ಪನಿಗೆ, "ಏನು ಯೋವ್ನಾ, ಇನ್ನೂ ಬದುಕಿದ್ಯಾ? ನಿನ್ನ ಗಾಡಿ ಮೊದ್ಲು ಹೋಗತ್ತೋ ನೀನು ಮೊದ್ಲು ಹೋಗ್ತೀಯೋ ಅಂತ ಕಾಯ್ತಿದ್ದೆ" ಅಂದಳು.

"ಗಾಡಿ ಹೋಯ್ತು" ಅಂದ ಅಪ್ಪ.

ಅಪ್ಪ ನೇರ ಹೋಗಿ ಆಳ ಹಿಮದ ಗಾಡಿಯ ಮೇಲೆ ಕೂತ. ತೆಳ್ಳಗೆ, ಹಗುರ, ಉದ್ದ ಪಟ್ಟಿ, ಪಟ್ಟಿಯ ಹಲ್ಲುಗಳೇ ಎರಡೂವರೆ ಅಂಗುಲ. ಒಬ್ಬರಿಗಷ್ಟೇ ಸೀಟು. ಅದು ಚಂದವಿತ್ತು. ನನಗೂ ಅದರ ಮೇಲೇ ಕಣ್ಣು. ಬೆಟ್ಟದ ಓರೆಯಲ್ಲಿ ಮಂದೆಯ ಮೇಲ್ಗಡೆಯಿಂದ ಸುತ್ತುಹಾಕಿ ಬರಲು ಅಂಥದ್ದೊಂದಿದ್ದರೆ ಬೇರೇನೂ ಬೇಡ ಅನ್ನಿಸುತ್ತದೆ.

ಹಿಲ್ಕಾ ಕೈಕಟ್ಟಿ ನಿಂತು ಕೇಳಿದಳು, "ದಾರಿ ಮೇಲೆ ಎಷ್ಟು ಓಡಿಸ್ತೀಯ, ದಾರಿ ಬಿಟ್ಟು ಎಷ್ಟು?"

"ಬಹುಪಾಲು ದಾರಿ ಬಿಟ್ಟೇ."

"ಎಲ್ಲಾ ಗಂಡಸ್ರೂ ಹಾಗೇ ಹೇಳ್ತಾರೆ. ಆಮೇಲೆ ಮೀಟರ್ ನೋಡಿದ್ರೆ ಅಂಗಡಿಗೂ ಮನೆಗೂ ಓಡಾಡಿರ್ತಾರೆ. ನಿಮ್ಮನೆಯಿಂದ ಬೆಟ್ಟದ ಬುಡಕ್ಕೇ ನಲವತ್ತು ಕಿಲೋಮೀಟರ್ ಗಟ್ಟಿ ದಾರಿ ಇದೆ ಮಾರಾಯ. ವಸಂತದಲ್ಲಿ ಅದರ ಮೇಲೆ ಈ ಹಲ್ಲು ಸವೆದು ಹೋಗತ್ತೆ, ಎಂಜಿನ್ ಕಾಯತ್ತೆ. ಹಳೇದು ಯಾತಕ್ಕೆ ಹೋಯ್ತು, ಅದು ಹೇಳು ಮೊದ್ಲು. ಸತ್ತ ಗಾಡಿ ಹೆಂಗೆ ಸತ್ತಿತು ಅಂತ ಗೊತ್ತಾಗ್ದೆ ನಾನು ಹೊಸದು ಕೊಡಲ್ಲ."

"ಮೆತ್ತನೆ ಹಿಮದಲ್ಲೇ ಕಾದು ಬಿಗೀತು. ಅಳಿಯ ನೀರು ಹಾಕಿದ್ದ."

"ಮೆತ್ತನೆ ಹಿಮದಲ್ಲಾ?" ಹಿಲ್ಕಾ ಹುಬ್ಬು ಗಂಟಿಕ್ಕಿದಳು. "ಹಂಗಾದ್ರೆ ದಾರಿದೇನೂ ತಪ್ಪಿಲ್ಲ. ನೀರು ಹಾಕಿದ ಕೈದೇ ತಪ್ಪು. ಸರಿ, ಇದನ್ನೇ ತಗೋ."

ಅಪ್ಪ ಆಗಲೇ ಹ್ಯಾಂಡಲ್ ಹಿಡಿದು ಎತ್ತರ ನೋಡುತ್ತಿದ್ದ. ನಾನು ಸುಮ್ಮನಿದ್ದರೆ ಆ ಗಾಡಿ ನಮ್ಮ ಮನೆಗೆ ಬರುತ್ತಿತ್ತು. ಬರುವ ಮಾರ್ಚಿನಲ್ಲಿ ಅದೂ ಗಟ್ಟಿ ದಾರಿಯ ಮೇಲೆ ಕಾಯುತ್ತಿತ್ತು, ಆಗಲೂ ಯಾರದೋ ಕೈ ಅನ್ನುತ್ತಿದ್ದರು. ಇದೆಲ್ಲ ಯೋಚಿಸಿ ಹೇಳಿದೆನೋ, ಹೇಳಿದ ಮೇಲೆ ಯೋಚಿಸಿದೆನೋ ಗೊತ್ತಿಲ್ಲ.

"ಗಟ್ಟಿ ದಾರಿ ಮೇಲೇ ಕಾದಿದ್ದು" ಅಂದೆ. "ಸರೋವರದ ಮೇಲೆ. ಕೆರೆಯೋ ತಂತಿ ಇರ್ಲಿಲ್ಲ. ನಾನೇ ಮುರಿದಿದ್ದೆ."

ಹಿಲ್ಕಾ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ನನಗೆ ಒಳಗೆ ಏನೋ ಹುಡುಕೋದಿದೆ" ಅಂತ ಹೋದಳು. ಅವಳು ಅಷ್ಟು ಬೇಗ ಅಂಗಡಿ ಬಿಟ್ಟು ಒಳಗೆ ಹೋದದ್ದನ್ನು ನಾನು ಕಂಡಿಲ್ಲ.

ಅಪ್ಪ ಗಾಡಿಯಿಂದ ಇಳಿಯಲಿಲ್ಲ. "ದೀಪ ಹತ್ತಿದ ಮೇಲೆ ಎಷ್ಟು ದೂರ?"

"ಒಂಬತ್ತು ಕಿಲೋಮೀಟರ್."

"ಓಸ್ಸಿ ಗಾಳಿ ಉಳಿಸಿದೆ ಅಂದಾಗ ನೀನೆಲ್ಲಿದ್ದೆ?"

"ಬಾಗಿಲ ಹತ್ರ."

"ಕೇಳಿಸ್ತಾ?"

"ಕೇಳಿಸ್ತು."

ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಿಲ್ಕಾ ಖಾಲಿ ಕೈಯಲ್ಲಿ ವಾಪಸ್ ಬಂದಳು. ಅಪ್ಪ ಇಳಿದು, "ಆ ಮಧ್ಯದ್ದು ತೋರ್ಸು" ಅಂದ.

ಮಧ್ಯದ್ದು ದಾರಿಯದೂ ಅಲ್ಲದ, ಆಳ ಹಿಮದ್ದೂ ಅಲ್ಲದ, ಎರಡೂ ಆದ ಗಾಡಿ. ಹಲ್ಲು ಒಂದೂಮುಕ್ಕಾಲು ಅಂಗುಲ. ಪಟ್ಟಿ ಉದ್ದವಿದೆ, ಆದರೆ ತಿರುವಿನಲ್ಲಿ ಹಟ ಮಾಡುವಷ್ಟಿಲ್ಲ. ಮುಂದಿನ ಸ್ಕೀಗಳನ್ನು ದಾರಿಗಾದರೆ ಅಗಲಕ್ಕೆ, ಆಳ ಹಿಮಕ್ಕಾದರೆ ಹತ್ತಿರಕ್ಕೆ ಸರಿಸಿಕೊಳ್ಳಬಹುದು. ಗಟ್ಟಿ ದಾರಿಗಾಗಿ ಫ್ಯಾನಿರುವ ಇನ್ನೊಂದು ರೇಡಿಯೇಟರ್ ಇದೆ. ಕೆರೆಯುವ ತಂತಿ ಹಿಂದಕ್ಕೆ ತೆಗೆದರೂ ಮುರಿಯದ ಹಾಗೆ ಬಾಗುತ್ತದೆ. ಹಿಲ್ಕಾ ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡತನ. "ಬೆಟ್ಟದ ತುದಿಗೆ ಆ ಇನ್ನೊಂದರಷ್ಟು ಹತ್ತಲ್ಲ. ದಾರಿ ಮೇಲೆ ಓಟದ ಗಾಡಿಯಷ್ಟು ಓಡಲ್ಲ. ಆದ್ರೆ ಹೋದ ಕಡೆಯಿಂದ ಮನೆಗೆ ಬರತ್ತೆ" ಅಂದಳು. ಅಪ್ಪ ಅದನ್ನೇ ತೆಗೆದುಕೊಂಡ.

ಮನೆಗೆ ಬರುವ ಎರಡು ಗಂಟೆಯ ದಾರಿಯಲ್ಲಿ ಅಪ್ಪ ಒಂದೇ ಮಾತಾಡಿದ. ರಸ್ತೆಯಲ್ಲಿ ಅಡ್ಡ ನಿಂತಿದ್ದ ಹಿಮಸಾರಂಗಗಳನ್ನು ನೋಡಿ "ನಮ್ಮವಲ್ಲ" ಅಂದ.

ಮನೆಯಲ್ಲಿ ಅಮ್ಮನಿಗೂ ನಾನೇ ಹೇಳಿದೆ. ಅವಳು ಎಂದಿನಂತೆ ಎಲ್ಲರ ಕಾಫಿಗೂ ಗಿಣ್ಣಿನ ತುಂಡು ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಮಾರೆತ್ ಹೋದಾಗ ನಾನು ಮೂರು ದಿನ ಅತ್ತೆ. ಆಗ ಹೇಳ್ಬಹುದಿತ್ತು ನೀನು" ಅಂದಳು. ನನ್ನ ಲೋಟಕ್ಕೆ ಗಿಣ್ಣು ಹಾಕಲಿಲ್ಲ. ನಾನೂ ಕೇಳಲಿಲ್ಲ.

ಗಾಡಿಯನ್ನು ಕೊಟ್ಟಿಗೆಗೆ ತಳ್ಳಿದ ಮೇಲೆ ಅಪ್ಪ, "ಈ ವಸಂತ ನೀನು ಸ್ಕೀ ಮೇಲೆ" ಅಂದ. ಗಬ್ಬದ ಹೆಣ್ಣು ಹಿಮಸಾರಂಗಗಳು ಬೆಟ್ಟಕ್ಕೆ ಹೋಗುವ ಕಾಲ. ಅವನು ಚಿಕ್ಕಪ್ಪನ ಗಾಡಿಯಲ್ಲಿ ಸಾಮಾನು ತರುತ್ತಾನೆ, ನಾನು ಮಂದೆಯ ಹಿಂದೆ ಕಾಲಿಗೆ ಸ್ಕೀ ಹಾಕಿಕೊಂಡು ಹೋಗಬೇಕು, ಮರಿ ಹಾಕುವವರೆಗೆ ಅಲ್ಲೇ. ಐದು ವಾರ. ಶಿಕ್ಷೆ ಅಂತ ಅವನು ಅನ್ನಲಿಲ್ಲ. ನ್ಯಾಯ ಅಂತ ನನಗೆ ಅನ್ನಿಸಿತು.

ಇನ್ನು ಹೊಸ ಗಾಡಿಯ ಮಾತು. ಮೊದಲ ಐನೂರು ಕಿಲೋಮೀಟರ್ ಅದನ್ನು ಹದವಾಗಿ ಓಡಿಸಿ ಎಂಜಿನ್ ಪಳಗಿಸಬೇಕು, ಸದ್ದು ಕೇಳಿ ತಿಳಿಯುವ ಕಿವಿ ಬೇಕು. ಅಪ್ಪ "ಅದನ್ನ ಓಸ್ಸಿನೇ ಮಾಡ್ಲಿ, ಅಲ್ಲೀತನಕ ಮುಸುಕು ತೆಗಿಯೋದು ಬೇಡ" ಅಂದ. ಮೇ ಮೊದಲ ವಾರದವರೆಗೆ ಇಲ್ಲಿ ಹಿಮ ಉಳಿದಿರುತ್ತದೆ.

ಭಾವನಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಅವರು ಇಷ್ಟು ದಿನ ತಮ್ಮ ಕೈಯನ್ನೇ ಅನುಮಾನಿಸಿಕೊಂಡು ಕೆಲಸ ಮಾಡುತ್ತಿದ್ದರೆ ಅದನ್ನು ಮಾತ್ರ ಇವತ್ತೇ ನಿಲ್ಲಿಸಲಿ. ಅವರು ಗಾಳಿ ಉಳಿಸಿರಲಿಲ್ಲ.

ನಿನ್ನ ತಂಗಿ,
ರಾವ್ನಾ

ಮತ್ತೆ: ಲಕೋಟೆ ಅಂಟಿಸುವ ಮೊದಲು ಓದಿದೆ, ಒಂದು ಕಡೆ ಸುಳ್ಳಿದೆ. ಅಪ್ಪ ಭಾವನ ಹೆಸರು ಹೇಳಲಿಲ್ಲ. "ಇದನ್ನ ಮೊದ್ಲು ಯಾರು ಓಡಿಸ್ಬೇಕು?" ಅಂತ ಗಾಡಿಯನ್ನೇ ನೋಡುತ್ತ ಕೇಳಿದ. "ಓಸ್ಸಿ ಭಾವ" ಅಂದವಳು ನಾನು. ಅವನು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮುಸುಕು ಹೊದಿಸಿ ನಾಲ್ಕೂ ಮೂಲೆ ಕಟ್ಟಿದ. ಎರಡು ದಿನವಾಯಿತು, ಚಿಕ್ಕಪ್ಪ ಬಂದು ಕೇಳಿದರೂ ಬಿಚ್ಚಿ ತೋರಿಸಿಲ್ಲ. ಇಷ್ಟು ತಿಳಿದ ಮೇಲೆ ಬರುವುದೋ ಬಿಡುವುದೋ ನೀವೇ ನೋಡಿ. ನಾನಿರುವುದಿಲ್ಲ, ನಾಳೆ ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆ.