ಹೊಳೆದಾರಿಯ ಐದು ಮನೆ

ವಿನೋಬನಗರ, ಶಿವಮೊಗ್ಗ
೧೧ ಮಾರ್ಚ್ ೨೦೨೫

ಪ್ರೀತಿಯ ದಾಕ್ಷಿ,

ನೀನು ಫೋನ್ ಮಾಡಿ ನಾಲ್ಕು ದಿನವಾಯಿತು. ಇದನ್ನೆಲ್ಲ ಫೋನಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ, ಅದಕ್ಕೆ ಕಾಗದ. ಪೂರ್ತಿ ಓದುವವರೆಗೆ ನನಗೆ ಫೋನ್ ಮಾಡಬೇಡ.

ಹೊಳೆದಂಡೆಯ ಹೊಸ ಪಾರ್ಕಿನ ಫೋಟೊವನ್ನು ನಿಮ್ಮಮ್ಮ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದಾರೆ, ಭದ್ರಾವತಿ ನ್ಯೂ ಟೌನಿನ ಅಕ್ಕಪಕ್ಕದವರಿಗೆಲ್ಲ “ಇದನ್ನ ಮಾಡಿದ್ದು ನಮ್ಮ ದಿವ್ಯ” ಅಂತ ತೋರಿಸುತ್ತಾರೆ ಅಂದೆಯಲ್ಲ. ನೀನು ನಗುತ್ತ ಹೇಳಿದೆ. ನಾನೂ ನಕ್ಕೆ. ನಿಮ್ಮಮ್ಮ ನಿನಗೆ ಏನನ್ನೂ ಹೇಳಿಲ್ಲ ಎಂದು ಆಗ ಗೊತ್ತಾಯಿತು.

ಎರಡು ವರ್ಷದ ಹಿಂದೆ, ನಾನು ಈ ಪಾರ್ಕಿನ ನಕ್ಷೆ ಮಾಡುವ ಕಂಪನಿಗೆ ಸೇರಿ ಮೂರು ತಿಂಗಳಾಗಿತ್ತು. ಗಾಂಧಿ ಬಜಾರಿಗೆ ಬಂದವರಿಗೆ ಎರಡು ಬೀದಿ ಆಚೆ ತುಂಗೆ ಹರಿಯುವುದೇ ಕಾಣುತ್ತಿರಲಿಲ್ಲ. ಗೋಡೌನುಗಳ ಹಿಂಗೋಡೆ, ಕಸ, ಮುಳ್ಳುತಂತಿ. ಪೇಟೆಯಿಂದ ಹೊಳೆಗೆ ನೇರ ಒಂದು ಅಗಲದ ದಾರಿ, ದಾರಿ ಮುಗಿದಲ್ಲಿ ಪಾರ್ಕು, ಇದು ನಮ್ಮ ಕೆಲಸ. ಆ ನೇರ ಗೆರೆಯ ಮೇಲೆ ಐದು ಮನೆ ಬಂದವು. ಎರಡನೆಯದು ನಿಮ್ಮದು.

ಕೋಟೆಯ ಸಮುದಾಯ ಭವನದಲ್ಲಿ ಜನರ ಅಹವಾಲು ಕೇಳುವ ಸಭೆ ಕರೆದಿದ್ದರು. ನಿನಗೆ ಸ್ಕೂಲಿನಲ್ಲಿ ರಜೆ ಸಿಗದೆ ಭದ್ರಾವತಿಯಿಂದ ಬರಲಾಗಲಿಲ್ಲ. ನಾನು ಪಾಲಿಕೆಯ ದೊಡ್ಡ ಸಾಹೇಬರ ಪಕ್ಕದ ಕುರ್ಚಿಯಲ್ಲಿದ್ದೆ. ನಿಮ್ಮಮ್ಮ ಎದ್ದು ನಿಂತರು. ನೀಲಿ ಸೀರೆ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಮಿಷನ್ ಬಿಟ್ಟು ಎದ್ದು ಬಂದಿದ್ದರು.

“ಸಾರ್, ನಲವತ್ತು ವರ್ಷದಿಂದ ಇಲ್ಲೇ ಬ್ಲೌಸ್ ಹೊಲ್ಕೊಂಡು ಇದ್ದೀನಿ. ಬಜಾರಿಗೆ ಬಂದವರು ಹಂಗೇ ನಮ್ಮನೆಗೆ ಬರ್ತಾರೆ. ಊರಾಚೆ ಮನೆ ಕೊಟ್ರೆ ಅಲ್ಲಿಗ್ಯಾರು ಬರ್ತಾರೆ? ನಿಮ್ಮ ಪಕ್ಕ ಕೂತಿದ್ದಾಳಲ್ಲ ದಿವ್ಯ, ಅವಳನ್ನೇ ಕೇಳಿ. ನಮ್ಮನೇಲಿ ಉಂಡು ಬೆಳೆದ ಹುಡುಗಿ, ಅವಳಿಗೆಲ್ಲ ಗೊತ್ತು.”

ಸಾಹೇಬರು ನನ್ನ ಕಡೆ ತಿರುಗಿ, “ಏನಮ್ಮ, ಇವರು ನಿಮಗೆ ಗೊತ್ತಾ?” ಎಂದು ಕೇಳಿದರು.

ನಾನು, “ಇಲ್ಲ ಸರ್. ಬೇರೆ ಯಾರೋ ಅಂದ್ಕೊಂಡಿದ್ದಾರೆ” ಅಂದೆ.

ದಾಕ್ಷಿ, ನನ್ನ ತಾಯಿ ಕಾಯಿಲೆಯಿಂದ ಮಲಗಿದ್ದ ಆ ಎರಡು ವರ್ಷ ನಾನು ಮಧ್ಯಾಹ್ನ ಉಂಡದ್ದು ನಿಮ್ಮ ಮನೆಯಲ್ಲಿ. ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು ನಿಮ್ಮಮ್ಮ. ನಾನು ಅವರನ್ನು ಅಮ್ಮ ಅಂತಲೇ ಕರೆದು ದೊಡ್ಡವಳಾದೆ.

ಅವರು ಅಳಲಿಲ್ಲ, ಕೂಗಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಕಣ್ಣು ಮಂಜು ಸಾರ್, ಯಾರನ್ನೋ ಯಾರೋ ಅಂದ್ಕೊಂಡೆ. ತಪ್ಪಾಯ್ತು” ಅಂತ ಹೇಳಿ ಕೂತುಬಿಟ್ಟರು. ನಿಮ್ಮ ಸಾಲಿನ ಕೊನೆ ಮನೆಯ ಹೊನ್ನಯ್ಯ ಮಾತಾಡಬೇಕೆಂದು ಕಾದಿದ್ದರು. ಅವರೂ ಏಳಲಿಲ್ಲ. ಐದು ಮನೆಯ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು.

ಮನೆ ಕೆಡವುವ ವಾರ ನಾನು ಜ್ವರ ಅಂತ ರಜೆ ಹಾಕಿದೆ. ಜ್ವರ ಇರಲಿಲ್ಲ. ಅಮ್ಮನನ್ನು ನೀನು ಭದ್ರಾವತಿಗೆ ಕರೆದುಕೊಂಡು ಹೋದ ಮೇಲೆ ಫೋನ್ ಮಾಡಿ, ನನ್ನ ಕೈಲಾದಷ್ಟು ಪ್ರಯತ್ನ ಪಟ್ಟೆ ಕಣೇ ಅಂದೆ. “ಬಿಡು ಮಾರಾಯ್ತಿ, ನೀನೊಬ್ಳು ಏನು ಮಾಡೋಕಾಗುತ್ತೆ” ಅಂತ ನೀನೇ ನನಗೆ ಸಮಾಧಾನ ಹೇಳಿದೆ. ಆಮೇಲೆ ನಿಮ್ಮ ಮನೆಗೆ ಬರದೆ ಇರಲು ನಾನು ಹೇಳಿದ ಒಂದೊಂದು ನೆಪವೂ ಸುಳ್ಳು.

ಪಾರ್ಕು ಚೆನ್ನಾಗಿಯೇ ಆಗಿದೆ, ಅದನ್ನೂ ಹೇಳಬೇಕು. ಸಂಜೆ ಬಜಾರಿನಿಂದ ಜನ ಚೀಲ ಹಿಡಿದುಕೊಂಡೇ ಹೊಳೆಯವರೆಗೆ ನಡೆದು ಬರುತ್ತಾರೆ. ಮುದುಕರು ನೀರು ನೋಡುತ್ತ ಕೂರುತ್ತಾರೆ. ಉದ್ಘಾಟನೆಯ ದಿನ ವೇದಿಕೆಗೆ ಕರೆದು ನನಗೆ ಶಾಲು ಹೊದಿಸಿದರು. ನಿಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಕಲ್ಲಿನ ಬೆಂಚಿದೆ. ಅದರ ಮೇಲೆ ನಾನು ಒಂದು ದಿನವೂ ಕೂತಿಲ್ಲ.

ಹೊನ್ನಯ್ಯ ಈಗ ಪಾರ್ಕಿನ ಗೇಟಿನಲ್ಲಿ ಮಂಡಕ್ಕಿ ಗಾಡಿ ಇಟ್ಟಿದ್ದಾರೆ. ನೀನು ಫೋನ್ ಮಾಡಿದ ಮರುದಿನ ಅವರ ಹತ್ತಿರ ಹೋಗಿ, ನಾನು ಯಾರು ಗೊತ್ತಾ ಅಂತ ಕೇಳಿದೆ.

“ಗೊತ್ತಿಲ್ದೆ ಏನು” ಅಂದರು, ಕೈಯ ಕೆಲಸ ನಿಲ್ಲಿಸದೆ. “ಅವತ್ತು ಸಭೆ ಮುಗಿದ್ಮೇಲೆ ನಾನು ನಿಮ್ಮ ಹತ್ರ ಜಗಳಕ್ಕೇ ಬರ್ತಿದ್ದೆ. ಆಯಮ್ಮ ಕೈ ಹಿಡ್ಕೊಂಡು ಬಿಡಲಿಲ್ಲ. ಅವಳದ್ದು ಹೊಸ ಕೆಲಸ, ಸಾಹೇಬ್ರ ಮುಂದೆ ಹೆಂಗೆ ಹೇಳ್ತಾಳೆ ಅಂದ್ರು. ಮನೇಗೆ ಬಂದು ಬಾಗಿಲು ಹಾಕ್ಕೊಂಡೋರು ಮೂರು ದಿನ ಮಿಷನ್ ತುಳೀಲಿಲ್ಲ.”

ಮಂಡಕ್ಕಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಮುಖ ನೋಡಲಿಲ್ಲ.

ನನ್ನನ್ನು ಕ್ಷಮಿಸು ಅಂತ ಬರೆಯಲು ಕೂತವಳಲ್ಲ ನಾನು. ಅಮ್ಮ ಇನ್ನು ಯಾರ ಮುಂದೆಯೂ ನನ್ನನ್ನು ಹೊಗಳಬಾರದು, ಅದನ್ನು ಕೇಳಿಸಿಕೊಂಡು ನೀನು ಹೆಮ್ಮೆಪಡಬಾರದು. ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ನಿಮ್ಮ ಬೀದಿಯವರು ಇದ್ದರೆ ಇರಲಿ, ಅವರ ಮುಂದೆಯೇ ಅಮ್ಮನಿಗೆ ಹೇಳುತ್ತೇನೆ. ಬರಬೇಡ ಅನ್ನುವುದಾದರೆ ಒಂದು ಮಾತು ತಿಳಿಸು, ಬಸ್ ಹತ್ತುವುದಿಲ್ಲ.

ನಿನ್ನವಳು ಅಂತ ಬರೆಯಲು ಕೈ ಬರುತ್ತಿಲ್ಲ.

ದಿವ್ಯಶ್ರೀ

ಮರೆತೆ ಅಂತ ಅಲ್ಲ, ಬರೆಯಬಾರದು ಅಂತ ಬಿಟ್ಟದ್ದು ಒಂದಿದೆ: ಕೆಲಸದ ಭಯಕ್ಕೆ ಹಾಗೆ ಅಂದೆ ಎಂದು ನಿಮ್ಮಮ್ಮ ನಂಬಿದ್ದಾರೆ. ನೀನೂ ಹಾಗೇ ತಿಳಿಯಲಿ ಅಂತ ಮೇಲೆ ಸುಮ್ಮನಿದ್ದೆ. ನಿಜ ಬೇರೆ. ದಾರಿಯನ್ನು ಗೋಡೌನುಗಳ ಪಕ್ಕದಿಂದ ಸ್ವಲ್ಪ ತಿರುಗಿಸಿ ಐದೂ ಮನೆ ಉಳಿಸುವ ಇನ್ನೊಂದು ನಕ್ಷೆ ಇತ್ತು. ಅದನ್ನು ಬರೆದವಳು ನಾನೇ. ನೇರ ದಾರಿಯೇ ನೋಡಲು ಚೆಂದ, ಎರಡು ತೋರಿಸಿದರೆ ಸಾಹೇಬರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಸಭೆಯ ಹಿಂದಿನ ದಿನ ನಾನೇ ಫೈಲಿನಿಂದ ತೆಗೆದೆ. ತೆಗೆ ಅಂತ ಯಾರೂ ಹೇಳಿರಲಿಲ್ಲ. ಅವತ್ತು ಸಭೆಯಲ್ಲಿ ಅಮ್ಮ ನನಗೆ ಗೊತ್ತು ಅಂತ ನಾನು ಅಂದಿದ್ದರೆ, ಬೇರೆ ದಾರಿಯೇ ಇಲ್ವೇನೆ ಅಂತ ಅವರು ನನ್ನನ್ನು ಕೇಳುತ್ತಿದ್ದರು. ಆ ಪ್ರಶ್ನೆ ಬರಬಾರದು ಅಂತಲೇ ಗೊತ್ತಿಲ್ಲ ಅಂದೆ. ಆ ನಕ್ಷೆಯ ಪ್ರತಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ.